ನೋಟ ನೆಟ್ಟಲ್ಲಿ ನೆನಪು: ಬ್ರಹ್ಮಗಿರಿಯ ಬಂಡೆಯಿಂದ ಮೊಳಕಾಲ್ಮುರಿನ ಮಗ್ಗದವರೆಗೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಇವನ್ನು ಗುರುತಿಸಿದ ಮೇಲೆ ಸಿದ್ದಾಪುರ ಊರವರ ಬಾಯಲ್ಲೇ ‘ಅಶೋಕ ಸಿದ್ದಾಪುರ’ವಾಯಿತು. ಮೂರೂ ಕಡೆ ಇರುವುದು ಬಹುಮಟ್ಟಿಗೆ ಒಂದೇ ಪಾಠ. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಬ್ರಹ್ಮಗಿರಿಯಲ್ಲಿ ಚಪಡ ಎಂಬ ಲಿಪಿಕಾರ ಕೊನೆಗೆ ತನ್ನ ಹೆಸರನ್ನೂ ಬರೆದಿದ್ದಾನೆ. ಹೆಸರು ಬ್ರಾಹ್ಮಿಯಲ್ಲಿದೆ, ‘ಲಿಪಿಕಾರ’ ಎಂಬ ಪದ ಮಾತ್ರ ಬಲದಿಂದ ಎಡಕ್ಕೆ ಸಾಗುವ, ವಾಯವ್ಯ ಭಾರತದ ಖರೋಷ್ಠಿಯಲ್ಲಿದೆ. ಇಪ್ಪತ್ತೆರಡು ಶತಮಾನಗಳಾಚೆಯ ಒಬ್ಬ ಗುಮಾಸ್ತನ ಈ ಸಣ್ಣ ಜಂಬ ನನಗೆ ಶಾಸನದ ಧರ್ಮೋಪದೇಶಕ್ಕಿಂತ ಹೆಚ್ಚು ಇಷ್ಟ.

ಒಂದು ಪಾಠವನ್ನು ನೋಡಿ ಇನ್ನೊಂದು ಕಡೆ ಇಳಿಸುವ ಕೆಲಸವನ್ನು ನಿಧಾನವಾಗಿ ಬಿಡಿಸಿ ನೋಡಿ. ಮೂಲದ ಮೇಲೆ ಕಣ್ಣಿಡಬೇಕು, ನಾಲ್ಕಾರು ಅಕ್ಷರ ಮನಸ್ಸಿಗೆ ತೆಗೆದುಕೊಳ್ಳಬೇಕು, ಮುಖ ತಿರುಗಿಸಿ ಅವನ್ನು ಬರೆಯಬೇಕು, ಮತ್ತೆ ಮೂಲಕ್ಕೆ ಬಂದು ಬಿಟ್ಟ ಜಾಗವನ್ನೇ ಹುಡುಕಿ ಹಿಡಿಯಬೇಕು. ಮುಖ ತಿರುಗಿಸುವುದಕ್ಕೂ ಬರೆಯುವುದಕ್ಕೂ ನಡುವಿನ ಆ ಕೆಲವು ಸೆಕೆಂಡುಗಳ ಕಾಲ ಅಕ್ಷರಗಳು ಎಲ್ಲಿದ್ದವು? ಕಣ್ಣ ಮುಂದೆ ಇಲ್ಲ, ಬಂಡೆಯ ಮೇಲೂ ಇನ್ನೂ ಬಂದಿಲ್ಲ. ಈ ಲೇಖನ ಆ ಮಧ್ಯಂತರದ ಕುರಿತದ್ದು.

ಕಾರ್ಯಸ್ಮೃತಿ ಮತ್ತು ಅದರ ಅಳತೆ

ಮನೋವಿಜ್ಞಾನದಲ್ಲಿ ಇದಕ್ಕೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಕನ್ನಡದಲ್ಲಿ ಕಾರ್ಯಸ್ಮೃತಿ ಎನ್ನೋಣ. ಕೈಗೆತ್ತಿಕೊಂಡ ಕೆಲಸ ಮುಗಿಯುವವರೆಗೆ ಬೇಕಾದಷ್ಟನ್ನು ಮಾತ್ರ ಹಿಡಿದಿಟ್ಟುಕೊಂಡು, ಅದನ್ನು ಅತ್ತಿತ್ತ ಹೊರಳಿಸುವ ವ್ಯವಸ್ಥೆ. ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಮುಂದಿಟ್ಟ ಮಾದರಿಯಲ್ಲಿ ಕೇಳಿದ ಮಾತಿಗೊಂದು ವಿಭಾಗ, ಕಂಡ ರೂಪ ಮತ್ತು ಸ್ಥಾನಗಳಿಗೊಂದು ವಿಭಾಗ, ಎರಡನ್ನೂ ನಡೆಸುವ ಮೇಲ್ವಿಚಾರಕನೊಬ್ಬ. ಮೇಲ್ವಿಚಾರಕನ ಕೆಲಸ ಬಹುಪಾಲು ಗಮನವನ್ನು ಹಂಚುವುದೇ.

ಎಷ್ಟು ಹಿಡಿಯುತ್ತದೆ? ಜಾರ್ಜ್ ಮಿಲ್ಲರ್ 1956ರಲ್ಲಿ ಏಳು, ಎರಡು ಹೆಚ್ಚು ಕಡಿಮೆ ಎಂದಿದ್ದರು. ಗುಂಪು ಮಾಡಿಕೊಳ್ಳುವ, ಮನಸ್ಸಿನಲ್ಲೇ ಹೇಳಿಕೊಳ್ಳುವ ಉಪಾಯಗಳನ್ನು ತಡೆದರೆ ಅದು ನಾಲ್ಕರ ಆಸುಪಾಸಿಗೆ ಇಳಿಯುತ್ತದೆ ಎಂದು ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ನೋಟದ ಮಟ್ಟಿಗೆ ಸ್ಟೀವನ್ ಲಕ್ ಮತ್ತು ಎಡ್ವರ್ಡ್ ವೋಗಲ್ 1997ರಲ್ಲಿ ನಡೆಸಿದ ಪ್ರಯೋಗ ಹೆಸರುವಾಸಿ. ಬಣ್ಣದ ಚೌಕಗಳನ್ನು ಸೆಕೆಂಡಿನ ಹತ್ತನೇ ಒಂದು ಭಾಗ ತೋರಿಸಿ, ಕ್ಷಣಕಾಲ ಪರದೆ ಖಾಲಿ ಬಿಟ್ಟು, ಮತ್ತೆ ತೋರಿಸಿ ‘ಏನಾದರೂ ಬದಲಾಯಿತೇ?’ ಎಂದು ಕೇಳಿದರು. ಮೂರು ಚೌಕದವರೆಗೆ ಜನ ತಪ್ಪುವುದೇ ಅಪರೂಪ. ನಾಲ್ಕರಿಂದ ಮೇಲೆ ಉತ್ತರಗಳು ಜಾರತೊಡಗುತ್ತವೆ.

ಈ ನಾಲ್ಕು ಎಂಬುದು ನಾಲ್ಕು ಗೂಡುಗಳೋ, ಅಥವಾ ಎಷ್ಟು ವಸ್ತುಗಳಿಗೆ ಬೇಕಾದರೂ ತೆಳ್ಳಗೆ ಹಂಚಬಹುದಾದ ಒಂದೇ ಸಂಪನ್ಮೂಲವೋ ಎಂಬ ಜಗಳ ಇನ್ನೂ ತೀರಿಲ್ಲ. ಪಾಲ್ ಬೇಸ್ ಮತ್ತು ಮಸೂದ್ ಹುಸೇನ್ 2008ರಲ್ಲಿ ಎರಡನೆಯ ಪಕ್ಷ ಹಿಡಿದರು. ಅವರು ಕಂಡದ್ದು: ವಸ್ತುಗಳು ಹೆಚ್ಚಿದಂತೆ ಪ್ರತಿಯೊಂದರ ನೆನಪೂ ಮಸುಕಾಗುತ್ತ ಹೋಗುತ್ತದೆ. ಆದರೆ ಕಣ್ಣು ಯಾವ ವಸ್ತುವಿನತ್ತ ಹೊರಳಲು ಸಿದ್ಧವಾಗಿತ್ತೋ ಅದರ ನೆನಪು ಮಾತ್ರ ಉಳಿದವಕ್ಕಿಂತ ನಿಖರವಾಗಿರುತ್ತದೆ. ಗಮನ ಹೋದ ಕಡೆ ನೆನಪಿನ ಪಾಲೂ ಹೆಚ್ಚು.

ಹನ್ನೆರಡು ಅಕ್ಷರ, ಮೂರು ಸ್ವರ

ಗಮನಕ್ಕೂ ಕ್ಷಣಿಕ ನೆನಪಿಗೂ ಇರುವ ನಂಟನ್ನು ಮೊದಲು ಚೊಕ್ಕವಾಗಿ ತೋರಿಸಿದವರು ಅಮೆರಿಕದ ಜಾರ್ಜ್ ಸ್ಪರ್ಲಿಂಗ್. ಅವರ 1960ರ ಪ್ರಯೋಗ ಇಂದಿಗೂ ಪಾಠ ಮಾಡಲು ಖುಷಿಯಾಗುವಂಥದ್ದು. ಸಾಲಿಗೆ ನಾಲ್ಕರಂತೆ ಮೂರು ಸಾಲು, ಹನ್ನೆರಡು ಅಕ್ಷರಗಳನ್ನು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಮಿಂಚಿಸಿ ‘ಕಂಡದ್ದೆಲ್ಲ ಹೇಳಿ’ ಎಂದರೆ ಜನ ನಾಲ್ಕೋ ನಾಲ್ಕೂವರೆಯೋ ಹೇಳುತ್ತಿದ್ದರು. ಜೊತೆಗೆ ಒಂದು ದೂರು: ‘ಎಲ್ಲವನ್ನೂ ಕಂಡೆ, ಹೇಳುವಷ್ಟರಲ್ಲಿ ಮಾಯವಾಯಿತು.’

ಸ್ಪರ್ಲಿಂಗ್ ಈ ದೂರನ್ನು ನಂಬಿದರು. ಅಕ್ಷರಗಳು ಮಾಯವಾದ ಮೇಲೆ ಒಂದು ಸ್ವರ ಕೇಳಿಸಿದರು. ತಾರಸ್ವರ ಕೇಳಿದರೆ ಮೇಲಿನ ಸಾಲು ಹೇಳಬೇಕು, ಮಧ್ಯಮವಾದರೆ ನಡುವಿನದು, ಮಂದ್ರವಾದರೆ ಕೆಳಗಿನದು. ಯಾವ ಸ್ವರ ಬರುತ್ತದೆಂದು ಮೊದಲೇ ಗೊತ್ತಿರಲಿಲ್ಲ. ಆದರೂ ಯಾವುದೇ ಸಾಲು ಕೇಳಲಿ, ನಾಲ್ಕರಲ್ಲಿ ಮೂರು ಅಕ್ಷರ ಸರಿಯಾಗಿ ಬಂದವು. ಅಂದರೆ ಆ ಕ್ಷಣದಲ್ಲಿ ಒಂಬತ್ತರಷ್ಟಾದರೂ ಒಳಗೆ ಇದ್ದೇ ಇದ್ದವು. ಸ್ವರವನ್ನು ಒಂದು ಸೆಕೆಂಡ್ ತಡಮಾಡಿದರೆ ಈ ಲಾಭವೆಲ್ಲ ಕರಗಿ ಮತ್ತೆ ಹಳೆಯ ನಾಲ್ಕಕ್ಕೇ ಬಂದು ನಿಲ್ಲುತ್ತಿತ್ತು. ಕಂಡದ್ದರ ದೊಡ್ಡ ಅಚ್ಚೊಂದು ಅರೆಗಳಿಗೆ ಉಳಿಯುತ್ತದೆ. ಅದರಲ್ಲಿ ಗಮನ ಎತ್ತಿಕೊಂಡಷ್ಟು ಮಾತ್ರ ಮುಂದಿನ, ತುಸು ಗಟ್ಟಿಯಾದ ನೆನಪಿಗೆ ದಾಟುತ್ತದೆ.

ಹೋದ ಮೇಲೆ ಬಂದ ಸುಳಿವು

ಇಲ್ಲಿಯವರೆಗೆ ಸಂಗತಿ ಸರಳ: ಗಮನ ಬಾಗಿಲಲ್ಲಿ ನಿಂತಿದೆ, ಬೇಕಾದ್ದನ್ನು ಒಳಗೆ ಬಿಡುತ್ತದೆ. 2003ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಈ ಸರಳತೆಯನ್ನು ಕೆಡಿಸಿದವು. ಆಕ್ಸ್‌ಫರ್ಡ್‌ನಲ್ಲಿ ಐವನ್ ಗ್ರಿಫಿನ್ ಮತ್ತು ಕಿಯಾ ನೋಬ್ರೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರೋಜಿಯರ್ ಲ್ಯಾಂಡ್‌ಮನ್, ಹೆಂಕ್ ಸ್ಪೆಕ್ರೈಸೆ ಮತ್ತು ವಿಕ್ಟರ್ ಲಾಮೆ. ವಿಧಾನದ ತಿರುಳು ಒಂದೇ. ಚಿತ್ರಗಳನ್ನು ತೋರಿಸಿ ತೆಗೆದ ಮೇಲೆ, ಸ್ಪರ್ಲಿಂಗರ ಅಚ್ಚು ಅಳಿಸಿಹೋಗುವಷ್ಟು ಹೊತ್ತು ಬಿಟ್ಟು, ಖಾಲಿ ಪರದೆಯಲ್ಲಿ ಒಂದು ಬಾಣದಂಥ ಗುರುತು ತೋರಿಸುವುದು: ‘ಅಲ್ಲಿದ್ದದ್ದರ ಬಗ್ಗೆ ಕೇಳುತ್ತೇವೆ.’ ಅಲ್ಲಿ ಈಗ ಏನೂ ಇಲ್ಲ. ನೋಡಲು ಉಳಿದಿರುವುದು ನೆನಪಷ್ಟೇ. ಹಾಗಿದ್ದೂ ಉತ್ತರಗಳು ಸ್ಪಷ್ಟವಾಗಿ ಸುಧಾರಿಸಿದವು.

ಸಂಶೋಧಕರು ಇದನ್ನು ರೆಟ್ರೋ-ಕ್ಯೂ ಎನ್ನುತ್ತಾರೆ. ತಡವಾದ ಸುಳಿವು ಎಂದರೆ ನಮಗೆ ಸಾಕು. ಕಣ್ಣಿನ ಗಮನ ಹೊರಗಿನ ಲೋಕಕ್ಕೆ ಮೀಸಲಲ್ಲ, ಒಳಗೆ ಉಳಿದ ಚಿತ್ರದ ಮೇಲೂ ಅದು ಅಲೆದಾಡಬಲ್ಲದು ಎಂಬುದು ಇದರ ಅರ್ಥ. ಅಂಥ ಸುಳಿವು ಏಕೆ ನೆರವಾಗುತ್ತದೆ ಎಂಬುದಕ್ಕೆ ಹಲವು ವಿವರಣೆಗಳಿವೆ. ಗಮನ ಬಿದ್ದ ನೆನಪು ಸವೆಯುವುದು ಕಡಿಮೆ ಎನ್ನುವವರಿದ್ದಾರೆ. ಹೊಸ ದೃಶ್ಯಗಳು ಅದನ್ನು ತುಳಿಯದಂತೆ ರಕ್ಷಣೆ ಸಿಗುತ್ತದೆ ಎನ್ನುವವರಿದ್ದಾರೆ. ಬೇಡದವನ್ನು ಹೊರಹಾಕಿ ಜಾಗ ತೆರವಾಗುತ್ತದೆ ಎನ್ನುವವರೂ ಇದ್ದಾರೆ. ಪ್ರಯೋಗಗಳು ಪ್ರತಿಯೊಂದಕ್ಕೂ ಅಷ್ಟಿಷ್ಟು ಪುಷ್ಟಿ ಕೊಟ್ಟಿವೆ. ಒಂದೇ ಕಾರಣ ಹುಡುಕುವ ಹಟವೇ ಇಲ್ಲಿ ತಪ್ಪಿರಬೇಕು ಎಂಬುದು ನನ್ನ ಎಣಿಕೆ.

ಸುಳಿವು ಸಿಗದೆ ಉಳಿದವುಗಳ ಗತಿ ಇನ್ನೂ ಕುತೂಹಲಕರ. ನೆನಪಿನಲ್ಲಿಟ್ಟುಕೊಂಡದ್ದಕ್ಕೆ ಮಿದುಳಿನ ನರಕೋಶಗಳು ಬಿಡದೆ ಮಿಡಿಯುತ್ತಿರುತ್ತವೆ ಎಂದು 1971ರಲ್ಲಿ ಹೋಕಿನ್ ಫುಸ್ಟರ್ ಮತ್ತು ಗ್ಯಾರೆಟ್ ಅಲೆಕ್ಸಾಂಡರ್ ಮಂಗಗಳಲ್ಲಿ ಗುರುತಿಸಿದಂದಿನಿಂದ ನಂಬಲಾಗಿತ್ತು. ಆದರೆ ಗಮನ ಸರಿದ ವಸ್ತುವಿನ ಮಿಡಿತ ಅಳತೆಗೇ ಸಿಗದಷ್ಟು ಇಳಿದುಹೋಗುತ್ತದೆ. ಮರೆತೇ ಹೋಯಿತೇ? ಇಲ್ಲ. 2016ರಲ್ಲಿ ನೇಥನ್ ರೋಸ್ ಮತ್ತು ಸಂಗಡಿಗರು ತಲೆಯ ಹೊರಗಿನಿಂದ ಕಾಂತೀಯ ಸ್ಪಂದನ ಕೊಟ್ಟಾಗ ಅಡಗಿದ್ದ ಆ ಗುರುತು ಕ್ಷಣಕಾಲ ಮತ್ತೆ ಎದ್ದಿತು, ಅದೂ ಮುಂದೆ ಬೇಕಾಗಬಹುದಾದ ವಸ್ತುವಾಗಿದ್ದರೆ ಮಾತ್ರ. ಗಮನ ಮರಳಿದರೆ ಮಿಡಿತವೂ ಮರಳುತ್ತದೆ.

ನಕಲು ಮಾಡುವವರ ಕಣ್ಣು

ಚಪಡನ ಕೆಲಸಕ್ಕೆ ಅತಿ ಹತ್ತಿರದ ಪ್ರಯೋಗ 1995ರದು. ಡಾನಾ ಬಲ್ಲಾರ್ಡ್, ಮೇರಿ ಹೇಹೋ ಮತ್ತು ಜೆಫ್ ಪೆಲ್ಜ್ ಪರದೆಯ ಮೇಲೆ ಬಣ್ಣದ ತುಂಡುಗಳ ಮಾದರಿಯೊಂದನ್ನಿಟ್ಟು, ಪಕ್ಕದಲ್ಲಿ ಅದನ್ನೇ ಜೋಡಿಸಲು ಹೇಳಿ, ಕಣ್ಣಿನ ಚಲನೆ ಅಳೆದರು. ಮಾದರಿಯಲ್ಲಿದ್ದದ್ದು ಬೆರಳೆಣಿಕೆಯ ತುಂಡುಗಳು. ಮೂರ್ನಾಲ್ಕನ್ನಾದರೂ ಒಮ್ಮೆಗೇ ನೆನಪಿಟ್ಟು ಜೋಡಿಸಬಹುದಿತ್ತು. ಜನ ಹಾಗೆ ಮಾಡಲಿಲ್ಲ. ತುಂಡು ಎತ್ತುವ ಮುನ್ನ ಒಮ್ಮೆ ಮಾದರಿ ನೋಡಿದರು, ಬಣ್ಣಕ್ಕಾಗಿ. ಇಡುವ ಮುನ್ನ ಇನ್ನೊಮ್ಮೆ ನೋಡಿದರು, ಜಾಗಕ್ಕಾಗಿ. ಒಂದೇ ನೋಟದಲ್ಲಿ ಬಣ್ಣ ಮತ್ತು ಜಾಗ ಎರಡನ್ನೂ ಹೊತ್ತು ತರುವ ಗೋಜಿಗೂ ಹೋಗಲಿಲ್ಲ. ಮಾದರಿಯನ್ನು ತಲೆ ತಿರುಗಿಸಿಯೇ ನೋಡಬೇಕಾದಷ್ಟು ದೂರ ಇಟ್ಟಾಗ ಮಾತ್ರ ನೆನಪಿನ ಮೇಲೆ ಹೆಚ್ಚು ಭಾರ ಹಾಕಿದರು.

ಮನಸ್ಸು ಜಿಪುಣ. ಕಣ್ಣು ಹೊರಳಿಸುವುದು ಅಗ್ಗವಾಗಿದ್ದರೆ ನೆನಪನ್ನು ಖರ್ಚು ಮಾಡುವುದಿಲ್ಲ. ಬೆಟ್ಟದ ಬಂಡೆಗೆ ಹತ್ತಿ ನಿಂತವನಿಗೆ ಈ ಲೆಕ್ಕ ಬೇರೆಯೇ ಆಗುತ್ತದೆ. ಮೂಲ ಕೈಯಳತೆಯಲ್ಲಿ ಇಲ್ಲದಿದ್ದರೆ ಒಂದೊಂದು ನೋಟಕ್ಕೂ ಹೆಚ್ಚು ಅಕ್ಷರ ಹೊರಬೇಕು. ಹೊರೆ ಹೆಚ್ಚಿದಂತೆ ಕಾಗುಣಿತದ ಗುರುತೊಂದು ಜಾರುವುದು, ಹೋಲುವ ಎರಡು ಪದಗಳ ನಡುವಿನದನ್ನೆಲ್ಲ ಕಣ್ಣು ಹಾರಿಬಿಡುವುದು ಸುಲಭ. ಓಲೆಗರಿ ಹಸ್ತಪ್ರತಿಗಳ ಸಂಪಾದಕರು ಇಂಥ ಲೋಪಗಳನ್ನು ಬೆನ್ನಟ್ಟಿಯೇ ಯಾವ ಪ್ರತಿ ಯಾವುದರ ನಕಲು ಎಂದು ಪತ್ತೆ ಹಚ್ಚುತ್ತಾರೆ. ಲಿಪಿಕಾರರ ಗಮನ ಎಲ್ಲಿ ಜಾರಿತು ಎಂಬುದೇ ಗ್ರಂಥಸಂಪಾದನಾ ಶಾಸ್ತ್ರದ ಅರ್ಧ ಬಂಡವಾಳ.

ಅಕ್ಷರದ ತೂಕ

ನೆನಪಿನಲ್ಲಿ ಎಷ್ಟು ವಸ್ತು ಹಿಡಿಯುತ್ತದೆ ಎಂಬುದು ಆ ವಸ್ತು ಯಾವುದು ಎಂಬುದರ ಮೇಲೂ ನಿಂತಿದೆ. ಜಾರ್ಜ್ ಅಲ್ವಾರೆಜ್ ಮತ್ತು ಪ್ಯಾಟ್ರಿಕ್ ಕ್ಯಾವನಾ 2004ರಲ್ಲಿ ಬಣ್ಣಗಳನ್ನು, ಅಕ್ಷರಗಳನ್ನು, ಚೀನೀ ಲಿಪಿಚಿಹ್ನೆಗಳನ್ನು, ನೆರಳು ಬಳಿದ ಘನಗಳನ್ನು ಹೋಲಿಸಿದರು. ಸರಳ ಬಣ್ಣಗಳು ನಾಲ್ಕಕ್ಕೂ ಮಿಕ್ಕಿ ಹಿಡಿದರೆ ಘನಗಳು ಎರಡೂ ಹಿಡಿಯಲಿಲ್ಲ. ಸಂಕೀರ್ಣತೆಗಿಂತ ಒಂದನ್ನೊಂದು ಹೋಲುವುದೇ ಇದಕ್ಕೆ ಕಾರಣ ಎಂದು ಆಮೇಲೆ ಬೇರೆಯವರು ತಿದ್ದಿದರು. ಎರಡೂ ಮಾತು ಕನ್ನಡ ಲಿಪಿಗೆ ಅನ್ವಯಿಸುತ್ತವೆ. ವ ಮತ್ತು ಮ, ಪ ಮತ್ತು ಷ, ದ ಥ ಧ: ಒಂದು ಕೊಂಡಿ, ಒಂದು ಚುಕ್ಕೆ, ಒಂದು ಸೀಳು ಮಾತ್ರ ವ್ಯತ್ಯಾಸ. ಅದರ ಮೇಲೆ ಗುಣಿತ, ಕೆಳಗೆ ಒತ್ತಕ್ಷರ.

ಕನ್ನಡ ಮಕ್ಕಳ ಓದನ್ನು ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಗ್ಲಿಷಿನಂಥ ವರ್ಣಮಾಲೆಗಳಿಗೆ ಹೋಲಿಸಿದರೆ ಅಕ್ಷರ ಕಲಿಕೆ ಇಲ್ಲಿ ನಾಲ್ಕನೇ ತರಗತಿಯವರೆಗೂ ಹಬ್ಬಿರುತ್ತದೆ ಎಂದು ತೋರಿಸಿತು. ಎರಡನೇ ತರಗತಿಯ ಹುಡುಗಿ ಬೋರ್ಡಿನಿಂದ ‘ಚಿತ್ರದುರ್ಗ’ ನಕಲು ಮಾಡುವಾಗ ಒಂದು ಪದವನ್ನಲ್ಲ, ರೇಖೆಗಳ ಒಂದು ಗುಡ್ಡೆಯನ್ನೇ ಹೊರುತ್ತಿರಬಹುದು. ಓದು ಬಲಿತವರಿಗೆ ಅದೇ ಪದ ಒಂದೇ ಗಂಟು.

ಓದು ಬಂದಂತೆ ನೋಟ ಬದಲಾಗುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಪಿ. ಅರುಣ್, ಆಕಾಶ್ ಅಗ್ರವಾಲ್ ಮತ್ತು ಕೆ.ವಿ.ಎಸ್. ಹರಿ ತೆಲುಗು, ಮಲಯಾಳಂ ಲಿಪಿಗಳ ಮೂಲಕ ಪರೀಕ್ಷಿಸಿದ್ದಾರೆ. ಆ ಪ್ರಯೋಗದಲ್ಲಿ ತೆಲುಗು ಓದುವವರಿಗೆ ಮಲಯಾಳಂ ಬಾರದು, ಮಲಯಾಳಂ ಓದುವವರಿಗೆ ತೆಲುಗು ಬಾರದು. ಹೀಗಾಗಿ ಒಂದೇ ಅಕ್ಷರಜೋಡಿಯನ್ನು ಬಲ್ಲವರ ಕಣ್ಣಿನಿಂದಲೂ ಬಾರದವರ ಕಣ್ಣಿನಿಂದಲೂ ಅಳೆಯಬಹುದು. 2019ರ ಆ ವರದಿಯ ಪ್ರಕಾರ ಓದು ಬಲ್ಲವರಲ್ಲಿ ಪಕ್ಕಪಕ್ಕದ ಅಕ್ಷರಗಳು ಒಂದನ್ನೊಂದು ಕಲಸುವುದು ಕಡಿಮೆ. ಜೋಡಿಯ ರೂಪವನ್ನು ಬಿಡಿ ಅಕ್ಷರಗಳಿಂದ ಹೆಚ್ಚು ಚೆನ್ನಾಗಿ ಊಹಿಸಬಹುದು. ಆಂಧ್ರಪ್ರದೇಶದ ರಾಯದುರ್ಗದ ಗಡಿಗೆ ಹೊಂದಿಕೊಂಡ ಮೊಳಕಾಲ್ಮುರಿನಲ್ಲಿ ಕನ್ನಡ, ತೆಲುಗು ಎರಡೂ ಭಾಷೆಯ ಫಲಕಗಳನ್ನು ಸಲೀಸಾಗಿ ಓದುವವರಿದ್ದಾರೆ. ಒಂದನ್ನೊಂದು ಇಷ್ಟು ಹೋಲುವ ಎರಡು ಲಿಪಿಗಳು ಒಂದೇ ಕಣ್ಣಿನಲ್ಲಿ ಹೇಗೆ ಬಾಳುತ್ತವೆ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಮೂರು ಲಾಳಿ, ಒಂದು ನೋಟ

ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಮೊಳಕಾಲ್ಮುರು ರೇಷ್ಮೆ ಸೀರೆಯಲ್ಲಿ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಎರಡನ್ನೂ ಒಂದಕ್ಕೊಂದು ಕೊಂಡಿ ಹಾಕಿ ನೇಯುವ ಕುಟ್ಟು ಅಂಚಿಗೆ ಮೂರು ಲಾಳಿ ಬೇಕು: ಒಡಲಿಗೊಂದು, ಎರಡೂ ಅಂಚಿಗೆ ಒಂದೊಂದು. ನೇಕಾರರ ಕಣ್ಣು ನೆಡುವುದು ಎಳೆಗಳು ಕೂಡುವ ಆ ಸಂದಿನಲ್ಲಿ. ಅಲ್ಲಿ ಒಂದು ಕೊಂಡಿ ತಪ್ಪಿದರೆ ಅಂಚು ಸೀಳುತ್ತದೆ. ಈಗ ಯಾವ ಲಾಳಿ, ಮುಂದೆ ಯಾವುದು, ಬುಟ್ಟಾ ಎಷ್ಟನೆಯ ಎಳೆಗೆ ಬಂತು ಎಂಬ ಲೆಕ್ಕ ಮಾತ್ರ ಕಣ್ಣಿಗೆ ಕಾಣದು, ಮನಸ್ಸಿನಲ್ಲೇ ಓಡಬೇಕು.

ಜೋಸೆಫ್ ಮೇರಿ ಜಕಾರ್ಡ್ 1804ರಲ್ಲಿ ರೂಪಿಸಿದ ಯಂತ್ರ ಈ ಹೊರೆಯ ದೊಡ್ಡ ಭಾಗವನ್ನು ತೂತು ಕೊರೆದ ರಟ್ಟುಗಳಿಗೆ ವರ್ಗಾಯಿಸಿತು. ಮಗ್ಗದ ಮೇಲೆ ತೂಗುವ ಆ ರಟ್ಟುಮಾಲೆಯೇ ವಿನ್ಯಾಸದ ನೆನಪು. ಯಾವ ಎಳೆ ಏಳಬೇಕೆಂದು ನೇಕಾರ ನೆನೆಯಬೇಕಿಲ್ಲ. ನೆನಪಿನಿಂದ ಬಿಡುಗಡೆಯಾದ ಗಮನ ಸಂದಿನ ಮೇಲೆ, ಎಳೆಯ ಬಿಗಿಯ ಮೇಲೆ ನಿಲ್ಲುತ್ತದೆ. ಯಂತ್ರ ಬಂದು ಕುಶಲತೆ ಕೆಟ್ಟಿತು ಎಂದು ಸಾರಾಸಗಟಾಗಿ ಹೇಳುವವರು ಈ ಹಂಚಿಕೆಯನ್ನು ಗಮನಿಸಿರುವುದಿಲ್ಲ.

ಅನುಭವ ಇನ್ನೊಂದು ದಾರಿಯಲ್ಲೂ ನೆರವಾಗುತ್ತದೆ. ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಚದುರಂಗದ ಆಟಗಾರರಿಗೆ ಐದು ಸೆಕೆಂಡ್ ಹಲಗೆ ತೋರಿಸಿದರು. ನಿಜವಾದ ಆಟದ ನಡುವಿನ ಸ್ಥಿತಿಯಾಗಿದ್ದರೆ ನಿಪುಣರು ಹೊಸಬರನ್ನು ಬಹುದೂರ ಹಿಂದೆ ಹಾಕಿದರು. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟಾಗ ಆ ಮೇಲುಗೈ ಬಹುತೇಕ ಕರಗಿಹೋಯಿತು. ಚಳ್ಳಕೆರೆ ಸೀಮೆಯ ಕಾವಲುಗಳಲ್ಲಿ ಕುರಿ ಮೇಯಿಸುವವರು ಹಿಂಡನ್ನು ಎಣಿಸದೆಯೇ ಒಂದು ಇಲ್ಲವೆಂದು ಹೇಳುವುದನ್ನು ನಾನು ಇದೇ ಬಗೆಯದೆಂದು ಓದುತ್ತೇನೆ. ಅದು ಕ್ಷಣಿಕ ನೆನಪಿನ ಪವಾಡವಲ್ಲ. ವರ್ಷಗಟ್ಟಲೆ ಕಂಡ ಮುಖಗಳ ದೀರ್ಘ ನೆನಪು ಕ್ಷಣದ ನೋಟಕ್ಕೆ ಗುಂಪು ಕಟ್ಟಿ ಕೊಡುತ್ತದೆ.

ಬೇಡದ್ದನ್ನು ತಡೆಯುವುದು

ನೆನಪಿನ ಶಕ್ತಿ ಕಡಿಮೆ ಇರುವವರಲ್ಲಿ ಜಾಗವೇ ಕಡಿಮೆ ಎಂದು ನಾವು ಭಾವಿಸುತ್ತೇವೆ. ವೋಗಲ್ ಮತ್ತು ಸಂಗಡಿಗರು 2005ರಲ್ಲಿ ಮಿದುಳಿನ ವಿದ್ಯುತ್ ಸಂಕೇತ ಅಳೆದಾಗ ಕಂಡದ್ದು ಬೇರೆ. ‘ಕೆಂಪು ಗೆರೆಗಳನ್ನಷ್ಟೇ ನೆನಪಿಡಿ, ನೀಲಿ ಬೇಡ’ ಎಂದಾಗ ಹೆಚ್ಚು ಅಂಕ ಪಡೆಯುವವರು ನೀಲಿಯನ್ನು ಹೊರಗೇ ನಿಲ್ಲಿಸುತ್ತಿದ್ದರು. ಕಡಿಮೆ ಅಂಕದವರ ಮಿದುಳು ನೀಲಿಯನ್ನೂ ಹೊತ್ತುಕೊಂಡಿತ್ತು. ಅಂದರೆ ಅವರು ಹೊತ್ತದ್ದು ಹೆಚ್ಚೇ, ಬೇಕಾದ್ದು ಕಡಿಮೆ.

ಹಲವು ಪೃಚ್ಛಕರ, ಅಂದರೆ ಪ್ರಶ್ನಿಸುವವರ, ಸವಾಲುಗಳನ್ನು ಅವಧಾನಿ ಒಟ್ಟಿಗೇ ಎದುರಿಸುವ ಅಷ್ಟಾವಧಾನದಲ್ಲಿ ಅಪ್ರಸ್ತುತ ಪ್ರಸಂಗಿ ಎಂಬ ಪೃಚ್ಛಕನ ಕೆಲಸವೇ ಬೇಡದ್ದನ್ನು ತಡೆಯುವ ಈ ಬಾಗಿಲನ್ನು ಮುರಿಯುವುದು. ಅವಧಾನಿ ಮನಸ್ಸಿನಲ್ಲಿ ಪದ್ಯದ ಸಾಲು ಕಟ್ಟುತ್ತಿರುವಾಗಲೇ ಹಾಳುಹರಟೆಗೆ ಎಳೆಯುತ್ತಾನೆ. ಸಂಖ್ಯಾಬಂಧದ ಪೃಚ್ಛಕ ನಡುನಡುವೆ ಒಂದು ಚೌಕದ ಮನೆ ಹೆಸರಿಸಿ ಅಲ್ಲಿನ ಅಂಕಿ ಕೇಳುತ್ತಾನೆ, ಕ್ರಮವಿಲ್ಲದೆ. ಕೊನೆಗೆ ಸಾಲು, ಕಂಬಗಳೆಲ್ಲ ಹೇಳಿದ ಮೊತ್ತಕ್ಕೆ ಕೂಡಬೇಕು. ಕಾಗದವಿಲ್ಲ, ಹಲಗೆಯಿಲ್ಲ. ಕನ್ನಡದಲ್ಲಿ ಈ ಕಲೆಯನ್ನು ಮತ್ತೆ ಎತ್ತಿ ನಿಲ್ಲಿಸಿದ ಶತಾವಧಾನಿ ಆರ್. ಗಣೇಶರ ಅವಧಾನಗಳಲ್ಲಿ ಸಭೆ ಹೆಚ್ಚು ನಗುವುದು ಅಪ್ರಸ್ತುತ ಪ್ರಸಂಗಿಯ ಪಾಳಿಯಲ್ಲೇ. ಮನೋವಿಜ್ಞಾನದ ಪ್ರಯೋಗಾಲಯ ಅವನನ್ನು ಕೆಲಸಕ್ಕಿಟ್ಟುಕೊಳ್ಳಬಹುದಿತ್ತು.

ಎರಡು ಬಗೆಯ ಗಮನ

ಗಮನವೂ ಒಂದೇ ಸಾಮರ್ಥ್ಯವಲ್ಲ. ಒಂದು ಕಡೆಯದನ್ನು ಹೆಚ್ಚು ಸೂಕ್ಷ್ಮವಾಗಿ ಕಾಣುವುದು ಒಂದು. ಆ ಕಡೆಯ ಸುದ್ದಿಗೆ ತೀರ್ಮಾನದಲ್ಲಿ ಹೆಚ್ಚು ತೂಕ ಕೊಡುವುದು ಇನ್ನೊಂದು. ಭಾರತೀಯ ವಿಜ್ಞಾನ ಸಂಸ್ಥೆಯ ವರ್ಷಾ ಶ್ರೀನಿವಾಸನ್ ಮತ್ತು ದೇವರಾಜನ್ ಶ್ರೀಧರನ್ 2019ರಲ್ಲಿ ಮಿದುಳಿನ ಚಿತ್ರಣದ ನೆರವಿನಿಂದ, ನಡುಮಿದುಳಿನ ಸುಪೀರಿಯರ್ ಕಾಲಿಕ್ಯುಲಸ್ ಎಂಬ ಸಣ್ಣ ದಿಬ್ಬದ ನರಸಂಪರ್ಕ ಎರಡನೆಯದರ ಜೊತೆ ಮಾತ್ರ ತಾಳೆಯಾಗುತ್ತದೆ ಎಂದು ವರದಿ ಮಾಡಿದರು. ‘ಕಂಡೆ’ ಎಂದು ಒಬ್ಬರು ಹೇಳುವುದರಲ್ಲಿ ಎಷ್ಟು ಕಂಡದ್ದು, ಎಷ್ಟು ಒಲವು ಎಂದು ಬಿಡಿಸಲು ಇದು ಬೇಕು.

ಚಳ್ಳಕೆರೆ ತಾಲ್ಲೂಕಿನಲ್ಲೇ 2017ರ ಮೇ 28ರಂದು ಉದ್ಘಾಟನೆಯಾದ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯದಲ್ಲಿ ಇದು ಒಣ ಪಾಂಡಿತ್ಯವಲ್ಲ. ಪೈಲಟ್ ರಹಿತ ವಿಮಾನವನ್ನು ನೆಲದಿಂದ ನಡೆಸುವವರ ಮುಂದೆ ಎತ್ತರ, ವೇಗ, ನಕ್ಷೆ, ಕ್ಯಾಮೆರಾ ದೃಶ್ಯ ಎಲ್ಲವೂ ಪರದೆಯಲ್ಲಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಕಣ್ಣು ಹೋಗುವಾಗ ಹಿಂದಿನ ಅಂಕಿ ಕಾರ್ಯಸ್ಮೃತಿಯಲ್ಲೇ ಉಳಿಯಬೇಕು. ಈ ಹೊರೆಯನ್ನು ಯಂತ್ರಕ್ಕೇ ಒಪ್ಪಿಸಿದ್ದೂ ಉಂಟು: ಇದೇ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ಉಡಾವಣಾ ವಾಹನದ ಮಾದರಿ ಮನುಷ್ಯರ ನಿಯಂತ್ರಣವಿಲ್ಲದೆ ತಾನೇ ಬಂದಿಳಿಯಿತು.

ತರಗತಿಯಲ್ಲಿ

ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಅಲ್ಲಿನ ಪ್ರತಿಭಾ ವಿಕಾಸ ಕೇಂದ್ರ ಶಾಲಾ ಕಾಲೇಜು ಶಿಕ್ಷಕರಿಗೆ ವಿಜ್ಞಾನದ ತರಬೇತಿ ಕೊಡುತ್ತದೆ. ಮೇಲೆ ಹೇಳಿದ ಸಂಗತಿಗಳು ಅಂಥ ಶಿಕ್ಷಕರ ಕೈಯಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತವೆ ಎಂಬುದು ನನ್ನ ಅಭಿಪ್ರಾಯ. ಒಂದು ಉದಾಹರಣೆ: ಪ್ರಶ್ನೆ ಕೇಳಿದೊಡನೆ ಮಗು ಸೂರು ನೋಡಿದರೆ ‘ಅಲ್ಲೇನು ಬರೆದಿದೆಯಾ?’ ಎಂದು ಗದರುವುದು ನಮ್ಮ ಶಾಲೆಗಳ ಹಳೆಯ ಚಾಳಿ. ಆರ್ಥರ್ ಗ್ಲೆನ್‌ಬರ್ಗ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದಂತೆ ಪ್ರಶ್ನೆ ಕಷ್ಟವಾದಷ್ಟೂ ಜನ ನೋಟವನ್ನು ಬೇರೆಡೆ ತಿರುಗಿಸುತ್ತಾರೆ, ಹಾಗೆ ತಿರುಗಿಸಿದಾಗ ಉತ್ತರವೂ ಸುಧಾರಿಸುತ್ತದೆ. ಎದುರಿಗಿರುವ ಮುಖ ನೆನಪಿನ ಜಾಗಕ್ಕೆ ಪೈಪೋಟಿ ಕೊಡುತ್ತದೆ, ಸೂರು ಕೊಡುವುದಿಲ್ಲ. ಅಷ್ಟೇ ಅಲ್ಲ, ಅಳಿಸಿದ ಬೋರ್ಡಿನಲ್ಲಿ ಉತ್ತರ ಇದ್ದ ಮೂಲೆಯತ್ತಲೇ ಮಗು ನೋಡುತ್ತಿದ್ದರೆ ಅದಕ್ಕೂ ಅರ್ಥವಿದೆ. ರೋಜರ್ ಯೊಹಾನ್ಸನ್ ಮತ್ತು ಮಿಕೇಲ್ ಯೊಹಾನ್ಸನ್ 2014ರಲ್ಲಿ, ವಸ್ತು ಇದ್ದ ಖಾಲಿ ಜಾಗವನ್ನು ನೋಡುತ್ತಿದ್ದವರು ಬೇರೆ ಕಡೆ ನೋಡುವಂತೆ ನಿರ್ಬಂಧಕ್ಕೊಳಗಾದವರಿಗಿಂತ ಚೆನ್ನಾಗಿ ನೆನಪಿಸಿಕೊಂಡದ್ದನ್ನು ಕಂಡರು.

ನೆನಪು ಹೆಚ್ಚಿಸುವುದಾಗಿ ಹೇಳಿ ಮಾರುವ ಮೊಬೈಲ್ ಆಟಗಳಿಗೆ ದುಡ್ಡು ಸುರಿಯುವ ಪೋಷಕರು ಮೋನಿಕಾ ಮೆಲ್ಬಿ-ಲೆರ್ವೋಗ್ ಮತ್ತು ಚಾರ್ಲ್ಸ್ ಹ್ಯೂಮ್ 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡದ್ದನ್ನು ತಿಳಿದಿರುವುದು ಒಳ್ಳೆಯದು. ಅಂಥ ತರಬೇತಿಯಿಂದ ಆ ಬಗೆಯ ಆಟದಲ್ಲಿ ಸ್ವಲ್ಪ ಕಾಲ ಅಂಕ ಏರುತ್ತದೆ. ಓದು, ಲೆಕ್ಕಗಳಿಗೆ ಅದು ಹರಿದು ಬಂದ ಪುರಾವೆ ಸಿಗಲಿಲ್ಲ. ಬೋರ್ಡಿನ ಮೇಲೆ ಉದ್ದ ವಾಕ್ಯವನ್ನು ಎರಡು ತುಂಡು ಮಾಡಿ ಬರೆಯುವುದು, ಒತ್ತಕ್ಷರಕ್ಕೆ ಬೇರೆ ಬಣ್ಣದ ಸೀಮೆಸುಣ್ಣ ಹಿಡಿಯುವುದು, ಹಿಂದಿನ ಬೆಂಚಿನವರ ನಕಲಿಗೆ ಪಠ್ಯವನ್ನು ಹತ್ತಿರ ಒದಗಿಸುವುದು ಇವುಗಳಿಗೆ ಖರ್ಚಿಲ್ಲ. ಬಲ್ಲಾರ್ಡ್ ಪ್ರಯೋಗದ ಪ್ರಕಾರ ನೋಟ ಅಗ್ಗವಾದಷ್ಟೂ ನೆನಪಿನ ಮೇಲಿನ ಭಾರ ತಗ್ಗುತ್ತದೆ.

ವಯಸ್ಸಿನ ಲೆಕ್ಕವೂ ಇದೆ. ಆಂಡ್ರಿಯಾ ಶಿಮಿ, ನೋಬ್ರೆ ಮತ್ತು ಸಂಗಡಿಗರು 2014ರಲ್ಲಿ ಏಳು ಮತ್ತು ಹನ್ನೊಂದು ವರ್ಷದ ಮಕ್ಕಳನ್ನೂ ವಯಸ್ಕರನ್ನೂ ಹೋಲಿಸಿದರು. ಚಿತ್ರ ಬರುವ ಮೊದಲೇ ‘ಇಲ್ಲಿ ನೋಡು’ ಎಂದು ಸುಳಿವು ಕೊಟ್ಟರೆ ಏಳರ ಮಕ್ಕಳಿಗೂ ಒಳ್ಳೆಯ ಲಾಭವಾಯಿತು. ಚಿತ್ರ ಮರೆಯಾದ ಮೇಲೆ ಕೊಟ್ಟ ಸುಳಿವನ್ನು ಅವರು ದೊಡ್ಡವರಷ್ಟು ಬಳಸಿಕೊಳ್ಳಲಾಗಲಿಲ್ಲ. ಆದ್ದರಿಂದ ಎರಡನೇ ತರಗತಿಯಲ್ಲಿ ಬೆತ್ತದ ತುದಿ ಬೋರ್ಡಿನ ಪದದ ಮೇಲೆ ಇರಬೇಕಾದದ್ದು ಅದನ್ನು ಒರೆಸುವ ಮುಂಚೆ. ಒರೆಸಿ ಆದ ಮೇಲೆ ‘ಆ ಮೂಲೆಯಲ್ಲಿ ಏನಿತ್ತು?’ ಎಂದು ಕೇಳುವ ಆಟವನ್ನು ಆರನೇ ತರಗತಿಗೆ ಇಟ್ಟುಕೊಳ್ಳಬಹುದು.